ಮಿಣಿ ಇಲ್ಲದ ತೇರು

ಪರದೇಶದ ಮೆರವಣಿಗೆ ಹುಣ್ಣಿಮೆ ನೋಡುವುದಿಲ್ಲ, ಭಾನುವಾರ ನೋಡುತ್ತದೆ. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ 1981ರಿಂದ ನಡೆಯುತ್ತಿರುವ ಭಾರತೀಯರ ಪರೇಡಿಗೆ ಆಗಸ್ಟ್ 15ರ ಆಸುಪಾಸಿನ ಭಾನುವಾರವೇ ಪಂಚಾಂಗ. ಗದಗದ ತೋಂಟದಾರ್ಯ ಮಠದ ತೇರು ಸಾಗುವುದು ದವನದ ಹುಣ್ಣಿಮೆಗೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ ಆಗಿ ಹುಣ್ಣಿಮೆಗೆ. ವಾರ ಯಾವುದೆಂದು ಎರಡೂ ಕೇಳುವುದಿಲ್ಲ. ಉಳಿದ ವ್ಯತ್ಯಾಸಗಳು ಬೆಟಗೇರಿಯ ಕಾಕಾ ಮತ್ತು ನ್ಯೂಜೆರ್ಸಿಯಲ್ಲಿರುವ ಅವರ ಅಣ್ಣನ ಮಗನ ಫೋನ್ ಮಾತಿನಲ್ಲಿ ಹೊರಬೀಳುತ್ತವೆ.

“ಕಾಕಾ, ಈ ಸಲ ಪರೇಡಿನ್ಯಾಗ ನಾನೂ ಅದೇನ್ರಿ.”

“ಚಲೋ ಆತು. ಮಿಣಿ ಎಷ್ಟ ಉದ್ದ ಐತಿ?”

“ಮಿಣಿ ಇಲ್ರಿ. ಟ್ರಕ್ ತಾನ ಹೋಗತೈತಿ.”

“ಮತ್ತ ನೀ ಏನ ಮಾಡ್ತಿ?”

“ಕೈ ಬೀಸ್ತೇನ್ರಿ.”

“ಉತ್ತತ್ತಿ, ಬಾಳಿಹಣ್ಣು?”

“ರಸ್ತೆದಾಗ ಒಗದ್ರ ದಂಡ ಹಾಕ್ತಾರ್ರಿ.”

“ಗಾಲಿಗೆ ಸನ್ನಿ ಕೊಡಾವ್ರು?”

“ಬ್ರೇಕ್ ಐತ್ರಿ ಕಾಕಾ.”

“ಅಂದ್ರ ದೇವರೂ ಇಲ್ಲ, ಕೆಲಸಾನೂ ಇಲ್ಲ.”

ಇಲ್ಲಿ ಕಾಕಾನ ಮಾತು ತುಸು ಅತಿಯಾಯಿತು. ಪರೇಡಿಗೂ ಕೆಲಸವಿದೆ: ಮೊದಲೇ ಹೆಸರು ನೋಂದಾಯಿಸಬೇಕು, ಟೀ ಶರ್ಟಿನ ಅಳತೆ ತಿಳಿಸಬೇಕು, ಕಾರು ನಿಲ್ಲಿಸಲು ಜಾಗ ಹುಡುಕಬೇಕು. ಕೊನೆಯದು ತೇರು ಎಳೆಯುವುದಕ್ಕಿಂತ ಕಷ್ಟ.

ಊಟದ ವಿಷಯದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ರೊಟ್ಟಿ ಜಾತ್ರೆಯೆಂದೇ ಒಂದು ಜಾತ್ರೆಯಿದೆ. ಜಾತಿಭೇದವಿಲ್ಲದೆ ಜನ ಒಟ್ಟಿಗೆ ಕುಳಿತು ಜೋಳದ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಅದಕ್ಕೆ ನೋಂದಣಿ ಬೇಕಿಲ್ಲ.

ಲಕ್ಷ್ಮೇಶ್ವರದ ಅತ್ತೆ ವೀಡಿಯೋ ಕಾಲ್‌ನಲ್ಲಿ ತೇರು ತೋರಿಸುವುದುಂಟು. ಕಳಸ ಕಾಣುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತದೆ. ಕಳಸ ಕಣ್ಣಾರೆ ಕಾಣಬೇಕೆಂದರೆ ಊರಿಗೇ ಬರಬೇಕು. ದವನದ ಹುಣ್ಣಿಮೆ ಸಾಮಾನ್ಯವಾಗಿ ಏಪ್ರಿಲ್ ಆಸುಪಾಸಿನಲ್ಲಿ ಬರುತ್ತದೆ. ರಜೆಗೆ ಈಗಲೇ ಅರ್ಜಿ ಹಾಕಿ.