ಪುರ್ಸೊತ್ತಿಲ್ಲದಣ್ಣ

ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಒಂದು ಜೀಪು ಇಂಜಿನ್ ಆಫ್ ಮಾಡದೆ ಗುರುಗುಟ್ಟುತ್ತ ನಿಂತಿದೆಯೆಂದರೆ, ಒಳಗೆ ಪುರ್ಸೊತ್ತಿಲ್ಲದಣ್ಣ ಕೂತಿದ್ದಾರೆಂದು ತಿಳಿಯಬೇಕು. ಇಂಜಿನ್ ಆಫ್ ಮಾಡಿಬಿಟ್ಟರೆ ಈ ಮನುಷ್ಯನಿಗೆ ಪುರುಸೊತ್ತಿದೆ ಎಂದು ಊರು ತಿಳಿದುಕೊಳ್ಳುತ್ತದೆ. ಅದಕ್ಕೇ ಒಂದು ಕಾಲು ಕ್ಲಚ್ಚಿನ ಮೇಲಿಟ್ಟು, ಮೊಣಕೈ ಕಿಟಕಿಯಾಚೆ ಹಾಕಿ, "ನಿಲ್ಲಕ್ಕೆ ಟೈಮಿಲ್ಲ ಕಣೋ, ನಿನ್ನ ಕಂಡೆ ಅಂತ ಒಂದ್ನಿಮಿಷ ಬ್ರೇಕ್ ಹಾಕ್ದೆ" ಎಂದು ಶುರು ಮಾಡುತ್ತಾರೆ. ಆ ಒಂದು ನಿಮಿಷದಲ್ಲಿ ಗೊಬ್ಬರದ ಬೆಲೆ, ಅಸ್ಸಾಮಿನಿಂದ ಬಂದ ಆಳುಗಳ ಕೂಲಿ, ಎತ್ತಿನಹೊಳೆ ಪೈಪು, ತಾಲೂಕು ಪಂಚಾಯ್ತಿ ರಾಜಕೀಯ ಎಲ್ಲವೂ ಮುಗಿಯುತ್ತವೆ. ಡೀಸೆಲ್ಲೂ ಮುಗಿಯುತ್ತದೆ.

ಇವರನ್ನು ಒಬ್ಬ ಮನುಷ್ಯ ಎಂದುಕೊಳ್ಳಬೇಡಿ. ಹೆತ್ತೂರು ಕಡೆಗೆ ಹೋದರೂ ಸಿಗುತ್ತಾರೆ, ಹಾನುಬಾಳು ಕಡೆಗೂ ಸಿಗುತ್ತಾರೆ, ಆಲೂರಿನ ಪಾಳ್ಯ, ಮಗ್ಗೆಯಲ್ಲೂ ಇದ್ದಾರೆ. ಇಪ್ಪತ್ತು ಮೂವತ್ತು ಎಕರೆ ಕಾಫಿ, ಅದರ ಮೇಲೆ ಮೆಣಸು, ಲೆಕ್ಕ ಬರೆಯಲು ಒಬ್ಬ ರೈಟರ್, ಆಳು ನೋಡಲು ಒಬ್ಬ ಮೇಸ್ತ್ರಿ. ಇಷ್ಟಿದ್ದರೆ ಸಾಕು, ಪುರುಸೊತ್ತು ತಾನಾಗಿ ಹೊರಟುಹೋಗುತ್ತದೆ.

ಅಣ್ಣನ ದಿನ ರೈನ್‌ಗೇಜಿನಿಂದ ಆರಂಭ. ಕಣದ ಮೂಲೆಯಲ್ಲಿ ನೆಟ್ಟ ಡಬ್ಬ ಬಿಚ್ಚಿ, ಒಳಗಿನ ನೀರನ್ನು ಗಾಜಿನ ಅಳತೆ ಜಾರಿಗೆ ಬಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ಜಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ. ಗಾಜಿನಲ್ಲಿ ನೀರು ಅಂಚಿಗೆ ಒಂದಿಷ್ಟು ಏರಿ ನಡುವೆ ತಗ್ಗಿರುತ್ತದಲ್ಲ, ಓದಬೇಕಾದ್ದು ತಗ್ಗನ್ನು. ಅಣ್ಣ ಓದುವುದು ಅಂಚನ್ನು. "ಒಂದಿಂಚು ಹದಿನೈದು ಸೆಂಟ್ಸ್" ಎಂದು ಘೋಷಿಸಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್ಸ್). ಇಷ್ಟಕ್ಕೆ ಹಿಡಿಯುವುದು ಮೂರು ನಿಮಿಷ. ಆಮೇಲೆ ಗ್ರೂಪಿನಲ್ಲಿ ಉಳಿದವರ ಮಳೆ ಬೀಳತೊಡಗುತ್ತದೆ. ಬೆಳಗೋಡಿನಲ್ಲಿ ಎಂಬತ್ತು ಸೆಂಟ್ಸ್, ಯಸಳೂರಿನಲ್ಲಿ ಎರಡಿಂಚು, ಪಕ್ಕದ ತೋಟದಲ್ಲಿ ಒಂದೂವರೆ. "ಮಧ್ಯ ಇರದು ಬರೀ ಬೇಲಿ ಮಾರಾಯ! ಅವ್ನಿಗೆಂಗೆ ಒಂದೂವರೆ ಬಿತ್ತು?" ಈ ತನಿಖೆಗೆ ನಾಲ್ಕು ಫೋನು, ಮುಕ್ಕಾಲು ಗಂಟೆ. ಬಿದ್ದ ಮಳೆ ಬಿದ್ದಾಗಿದೆ, ಎಷ್ಟು ಮಾತಾಡಿದರೂ ಅದಕ್ಕೆ ಒಂದು ಸೆಂಟ್ಸೂ ಸೇರುವುದಿಲ್ಲ.

ಹೂಮಳೆ ಬಿದ್ದರಂತೂ ಕೇಳುವುದೇ ಬೇಡ. ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತದೆ, ಅವರಪ್ಪನ ಕಾಲದಲ್ಲೂ ಅಷ್ಟೇ ದಿನಕ್ಕೆ ಅರಳುತ್ತಿತ್ತು. ಆದರೂ ಮೂರನೇ ದಿನದಿಂದಲೇ ಮೇಸ್ತ್ರಿಗೆ "ಮೊಗ್ಗು ಎಲ್ಲಿಗ್ ಬಂತು?" ಎಂದು ದಿನಕ್ಕೆರಡು ಫೋನು. ಕೊನೆಗೆ ಒಂದು ಬೆಳಿಗ್ಗೆ ಗುಡ್ಡವೆಲ್ಲ ಬೆಳ್ಳಗಾಗಿ, ಘಮ ಮನೆ ಬಾಗಿಲಿಗೆ ಬಂದಾಗ ಅಣ್ಣ ಬೇರೆ ತೋಟದವರು ಹಾಕಿದ ಹೂವಿನ ಫೋಟೋಗಳಿಗೆ ಹೆಬ್ಬೆರಳು ಒತ್ತುತ್ತಿರುತ್ತಾರೆ. ಹೋದ ವರ್ಷ ಅವರದೇ ತೋಟದ ಹೂವನ್ನು ಪಕ್ಕದ ಹೋಂಸ್ಟೇಗೆ ಬಂದ ಬೆಂಗಳೂರಿನವರ್ಯಾರೋ ತೆಗೆದ ಪಟದಲ್ಲಿ ನೋಡಿ, "ಯಾರ್ ತೋಟನಪ್ಪ ಇದು, ಒಳ್ಳೆ ಸೆಟ್ಟಿಂಗು" ಎಂದು ಮೆಚ್ಚಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಲಂಡನ್ ಬಾಗಿಲು ತೆಗೆಯುತ್ತದೆ. ರೋಬಸ್ಟಾ ದರ ಹುಟ್ಟುವುದು ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಬಲಗೈಯಲ್ಲಿ ಸಾರನ್ನ, ಎಡಗೈಯಲ್ಲಿ ಫೋನು. ವಿಯೆಟ್ನಾಮಿನಲ್ಲಿ ಮಳೆ ಹಿಂದಾಯಿತೇ, ಬ್ರೆಜಿಲ್ಲಿನಲ್ಲಿ ಚಳಿಗೆ ಗಿಡ ಕರಕಲಾಯಿತೇ ಎಂಬುದೆಲ್ಲ ಅಣ್ಣನಿಗೆ ಗೊತ್ತು. ಕಾಫಿ ಹಣ್ಣು ಸುಲಿಯುವ ಅವರದೇ ಪಲ್ಪರ್ ಹೋದ ಕೊಯ್ಲಿನಿಂದ ಕೆಟ್ಟು ನಿಂತಿರುವುದು ಮಾತ್ರ ನೆನಪಿಲ್ಲ. ನೆನಪಿಸಿದರೆ, "ನೋಡ್ಬೇಕು ಕಣೋ, ಟೈಮೆಲ್ಲಿ?"

ಅವರ ತಂದೆಗೆ ಈ ಕಾಟವಿರಲಿಲ್ಲ. 1942ರ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಬೋರ್ಡು ಮಾರುತ್ತಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಬರುವುದು ತಡವಾದರೂ ದರ ನೋಡುವ ಕೆಲಸವೇ ಇರಲಿಲ್ಲ. ಆ ಪದ್ಧತಿ ಬಲು ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ, ಬೆಳೆಗಾರರು ಅದು ಬೇಡವೆಂದು ಗಟ್ಟಿಯಾಗಿಯೇ ಕೇಳಿದ್ದರು. 1992ರಿಂದ ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಅವರವರ ಕಾಫಿ ಅವರವರು ಯಾವಾಗ ಬೇಕಾದರೂ ಮಾರಬಹುದು ಎಂದಾಯಿತು. ಯಾವಾಗ ಬೇಕಾದರೂ ಎಂದ ಮೇಲೆ ಯಾವಾಗಲೂ ನೋಡುತ್ತಿರಬೇಕಲ್ಲ! ಹಿರಿಯರು ಊಟ ಮಾಡಿ ಜಗುಲಿಯಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದ ಹೊತ್ತು ಹೀಗೆ ಲಂಡನ್ನಿಗೆ ಹೋಯಿತು.

ದುಡ್ಡು ಬಂದರೆ ನಿರಾಳವಾಗಬಹುದು ಎಂದುಕೊಂಡಿದ್ದೆವು. ರೋಬಸ್ಟಾ ಚೆರಿ ಐವತ್ತು ಕೆ.ಜಿ. ಮೂಟೆಗೆ ಹತ್ತು ಸಾವಿರ ಮುಟ್ಟಿದ 2024ರಿಂದ ಅಣ್ಣ ಮುಂಚಿಗಿಂತ ಹೆಚ್ಚು ಓಡಾಡುತ್ತಿದ್ದಾರೆ. ಸ್ವೀಡನ್ನಿನ ಸ್ಟಾಫನ್ ಲಿಂಡರ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲೇ ಇದನ್ನು ಪುಸ್ತಕ ಮಾಡಿ ಹೇಳಿದ್ದ: ಗಂಟೆಯ ಗಳಿಕೆ ಏರಿದಷ್ಟೂ ಸುಮ್ಮನೆ ಕೂರುವ ಗಂಟೆ ದುಬಾರಿಯಾಗಿ ಕಾಣುತ್ತದೆ. ಅಣ್ಣನಿಗೆ ಇದನ್ನು ವಿವರಿಸಲು ಹೋದೆ. "ಒಳ್ಳೆ ಮಾತು, ವಾಟ್ಸಾಪ್ ಮಾಡು, ಆಮೇಲ್ ಓದ್ತೀನಿ" ಅಂದರು. ಹಾಗಾದರೆ ಪೂರ್ಣಚಂದ್ರ ತೇಜಸ್ವಿ? ಪಕ್ಕದ ಮೂಡಿಗೆರೆಯಲ್ಲಿ ಇದೇ ಕಾಫಿ ಬೆಳೆಯುತ್ತಲೇ ಮೀನು ಹಿಡಿದರು, ಹಕ್ಕಿ ಫೋಟೋ ತೆಗೆದರು, ಅಷ್ಟೊಂದು ಬರೆದರು ಎಂದೆ. ಅಣ್ಣ ಸ್ವಲ್ಪ ಯೋಚಿಸಿ, "ಅವ್ರು ತೀರ್ಕಂಡಿದ್ದು ಎರಡ್ ಸಾವಿರದ ಏಳರಲ್ಲಿ. ವಾಟ್ಸಾಪೇ ಬಂದಿರ್ಲಿಲ್ಲ" ಅಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಜೀಪಿನ ಇಂಜಿನ್ನನ್ನು ಆಫ್ ಮಾಡಿಸುವ ಶಕ್ತಿ ಈ ಸೀಮೆಯಲ್ಲಿ ಇರುವುದು ಕಾಡಾನೆಗೆ ಮಾತ್ರ. ಆನೆ ವಿಷಯ ಇಲ್ಲಿ ನಗುವಂಥದ್ದಲ್ಲ. ತೋಟದ ಕೆಲಸಕ್ಕೆ ಹೋದವರು ಹೆಣವಾಗಿ ಬಂದಿದ್ದಾರೆ, ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಆದರೆ ಒಂದು ಸಂಜೆ ಅಣ್ಣ, ರೈಟರ್ ಇಬ್ಬರೂ ಪಾಳ್ಯದ ಕಡೆಯಿಂದ ಬರುವಾಗ ರಸ್ತೆಗೆ ಅಡ್ಡ ನಿಂತಿದ್ದ ಸಲಗಕ್ಕೆ ಯಾರ ಮೇಲೂ ಸಿಟ್ಟಿದ್ದಂತಿರಲಿಲ್ಲ, ಬೈನೆ ಮರ ಮುರಿದುಕೊಂಡು ತಿನ್ನುತ್ತಿತ್ತು. ಆನೆಗೆ ಹೊಟ್ಟೆ ತುಂಬಬೇಕಾದರೆ ದಿನದ ಬಹುಪಾಲು ಮೇಯುತ್ತಲೇ ಇರಬೇಕು, ಅಂದರೆ ಅಣ್ಣನಿಗಿಂತ ಅದಕ್ಕೇ ಕೆಲಸ ಜಾಸ್ತಿ. ರೈಟರ್ ಪಿಸುಗುಟ್ಟಿ ಇಂಜಿನ್ ಆಫ್ ಮಾಡಿಸಿದರು. ನೆಟ್‌ವರ್ಕೂ ಇಲ್ಲ. ಒಂದು ಗಂಟೆ ಇಬ್ಬರೂ ಕತ್ತಲಲ್ಲಿ ಕೂತು, ಮಾತಾಡದೆ ಬೇರೆ ದಾರಿಯಿಲ್ಲದೆ ತಗ್ಗಿದ ದನಿಯಲ್ಲಿ ಮಾತಾಡಿದರು. ಹದಿನೈದು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಬರುವ ರೈಟರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಸೇರಿ ಎರಡು ವರ್ಷವಾಯಿತೆಂದು ಅಣ್ಣನಿಗೆ ತಿಳಿದದ್ದು ಆಗ. ಇದನ್ನು ನನಗೆ ಹೇಳಿದವರು ರೈಟರೇ. "ಫೀಸಿಗೆ ಸಾಲ ಕೇಳ್ಬೇಕು ಅಂತಿದ್ದೆ, ಸಾವ್ಕಾರ್ರು ಕೈಗೇ ಸಿಕ್ತಿರ್ಲಿಲ್ಲ. ಆನೆ ಪುಣ್ಯ" ಎಂದು ನಕ್ಕರು.

ಮುಂಗಾರು ಜಡಿದು ಹಿಡಿದ ದಿನಗಳಲ್ಲಿ ಇನ್ನೊಬ್ಬ ಅಣ್ಣ ಕಾಣಿಸುತ್ತಾರೆ. ದೋಣಿಗಾಲ್ ಹತ್ತಿರ ರಸ್ತೆ ಕುಸಿದು ಶಿರಾಡಿ ಬಂದ್, ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ, ಫೋನು ಸತ್ತಿದೆ. ಈಗಲಾದರೂ ನಿರಾಳವಾಗಿರಬೇಕಲ್ಲ? ಒಲೆ ಮುಂದೆ ಕೂತು, ಕಳಲೆ ಪಲ್ಯ ಅಕ್ಕಿರೊಟ್ಟಿ ತಿಂದು, ಬಾಗಿಲಿಗೊಮ್ಮೆ ಒಲೆಗೊಮ್ಮೆ ತಿರುಗಿ, "ಥೂ, ಹೊತ್ತೇ ಹೋಗಲ್ಲ ಕಣೇ" ಎನ್ನುತ್ತಾರೆ.

ಅದನ್ನು ಕೇಳಿಸಿಕೊಂಡವರು ಅತ್ತಿಗೆ. ಕಣದಲ್ಲಿ ಮೆಣಸು ಹರಡುವುದು, ಹಸು, ಅತ್ತೆಯ ಮಾತ್ರೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಎಲ್ಲ ಅವರದೇ. ಆದರೂ ಮನೆಗೆ ಹೋದವರನ್ನು "ಕೂತ್ಕಳಿ, ಕಡುಬು ಬೆಂದೇಬಿಟ್ಟದೆ" ಎಂದು ಕೂರಿಸುವವರೂ ಅವರೇ. ಅಣ್ಣನ ಕೆಲಸ ಜಾಸ್ತಿಯಾಗಿದೆ ಎಂದು ಅತ್ತಿಗೆ ಎಂದೂ ನಂಬಿದವರಲ್ಲ. "ಇವ್ರು ನೋಡಿದ್ರೆ ಲಂಡನ್ನೂ ಏರಲ್ಲ, ನೋಡ್ದಿದ್ರೆ ಇಳಿಯೋದೂ ಇಲ್ಲ. ದಿನಾ ಯಾಕೆ ಕಾವಲು?" ಎಂಬುದು ಅವರ ಪ್ರಶ್ನೆ. ಈ ಸಲದ ಬೆಳೆಗೆ ಅವರೇ ಒಂದು ಏರ್ಪಾಡು ಮಾಡಿದರು. ಕಾಫಿ ಮೂರು ಪಾಲು. ಸಕಲೇಶ್ವರನ ತೇರು ಕಳೆದ ಮಾರನೇ ದಿನ ಒಂದು, ಯುಗಾದಿ ಕಳೆದ ಮೇಲೆ ಒಂದು, ಮುಂಗಾರಿಗೆ ಮುಂಚೆ ಉಳಿದದ್ದು. ದರ ನೋಡುವುದು ಆ ಮೂರು ದಿನ ಮಾತ್ರ. ಅತ್ತೆಯ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು.

ಮೊದಲ ಪಾಲು ಮಾರಿದ ಮಾರನೇ ದಿನವೇ ಮೂಟೆಗೆ ಮುನ್ನೂರು ಏರಿತು. ಯಾರೋ ಪುಣ್ಯಾತ್ಮರು ಫೋನ್ ಮಾಡಿ ತಿಳಿಸಿದರು. ಅಣ್ಣ ಒಂದು ವಾರ ಸೂತಕದವರ ಹಾಗೆ ಓಡಾಡಿದರು. ಎರಡನೇ ವಾರ ಮಾಡಲು ಏನೂ ಇಲ್ಲದೆ ಪಲ್ಪರ್ ಬಿಚ್ಚಿದರು. ಕೆಟ್ಟಿದ್ದದ್ದು ಒಂದು ಬೇರಿಂಗ್, ಅರ್ಧ ದಿನದ ಕೆಲಸ. ಮೂರನೇ ವಾರ ಸೋದರಮಾವನ ಮನೆಯ ಗೃಹಪ್ರವೇಶಕ್ಕೆ ಹೋಗಿ, ಊಟ ಮುಗಿದ ಮೇಲೂ ಇಸ್ಪೀಟಿಗೆ ಕೂತರು. ಮಾವ ಗಾಬರಿಯಾಗಿ ಅತ್ತಿಗೆಯನ್ನು ಪಕ್ಕಕ್ಕೆ ಕರೆದು, "ಅವ್ನಿಗೆ ಹುಷಾರಿದೆ ತಾನೆ?" ಎಂದು ವಿಚಾರಿಸಿದರಂತೆ.

ಮೊನ್ನೆ ಮಧ್ಯಾಹ್ನ ನಮ್ಮ ಮನೆಗೂ ಬಂದರು. ಕಾಫಿ ಕುಡಿದರು, ನನ್ನ ಮಗನ ಮಾರ್ಕ್ಸ್ ಕಾರ್ಡ್ ನೋಡಿದರು, ಹಿತ್ತಿಲ ಕಿತ್ತಳೆ ಗಿಡಕ್ಕೆ ಏನು ರೋಗವೆಂದು ಹೇಳಿದರು. ಮಾತಿಗೆ ಮಾತು ಬೆಳೆದು ಎರಡೂವರೆ ಗಂಟೆಯಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ನಿನ್ ಫೋನಲ್ಲಿ ಲಂಡನ್ ಒಂಚೂರು ತೆಗಿ. ನೋಡಲ್ಲ ಅಂತ ಮಾತು ಕೊಟ್ಟಿರದು ನಾನು. ನೀನ್ ನೋಡಿ ಹೇಳಿದ್ರೆ ನಾನ್ ನೋಡ್ದಂಗೇನೂ ಆಗಲ್ಲ, ಅಲ್ವಾ?"