ವಿದೂಷಕನ ಕೈಯಲ್ಲಿ ಕತ್ತಿ: ಹೊಸೂರು ಪ್ರಾಂತದ ಒಂದು ರಸಮೀಮಾಂಸೆ

ಹಾಸ್ಯನಟನೆಂದು ಪ್ರಸಿದ್ಧನಾದವನು ಒಂದು ಶುಕ್ರವಾರ ತನ್ನ ವೃತ್ತಿಧರ್ಮವನ್ನು ತೊರೆದು, ಮಸುಕು ಬೆಳಕಿನಲ್ಲಿ ಹೆಣವೊಂದನ್ನು ದಿಟ್ಟಿಸುತ್ತ ಕುಳಿತನೆಂದರೆ, ಆ ಕೃತ್ಯಕ್ಕೆ ಶಾಸ್ತ್ರಸಮ್ಮತಿಯುಂಟೋ ಇಲ್ಲವೋ ಎಂಬ ಪ್ರಶ್ನೆಯು, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತಮಿಳನ್ನೂ ಸಂತೆಯಲ್ಲಿ ತೆಲುಗನ್ನೂ ಆಡುತ್ತ ಮೂರು ಭಾಷೆಗಳ ಚಿತ್ರಗಳಿಗೂ ಭೇದವೆಣಿಸದೆ ಹಣ ತೆರುವ ಹೊಸೂರು, ತಳಿ, ಡೆಂಕಣಿಕೋಟೆಗಳ ರಸಿಕಸ್ತೋಮವನ್ನು ಬಾಧಿಸದೆ ಬಿಟ್ಟಿಲ್ಲ. ಪಂಡಿತರು ಇದರ ಗೊಡವೆಗೆ ಹೋಗದಿರುವುದಕ್ಕೆ ವಿಷಯದ ಕಾಠಿನ್ಯವೇ ಕಾರಣವಲ್ಲದೆ ಪಂಡಿತರ ವಿವೇಕವಲ್ಲವೆಂದು ಬಗೆದು ನಾವು ಈ ಕಾರ್ಯಕ್ಕೆ ತೊಡಗಿದ್ದೇವೆ.

ಮೊದಲು ಪೂರ್ವಪಕ್ಷ. ಶೃಂಗಾರದಿಂದ ಹಾಸ್ಯವೂ ಬೀಭತ್ಸದಿಂದ ಭಯಾನಕವೂ ಹುಟ್ಟಿದವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಂಶಾವಳಿಯನ್ನು ಕೊಟ್ಟಿರುವನು. ಗೋತ್ರ ಬೇರೆಯಾದುದರಿಂದ ಸಂಬಂಧ ಕೂಡೀತೆಂದು ಯಾರಾದರೂ ಲಗ್ನಪತ್ರಿಕೆ ಬರೆಯಿಸುವಷ್ಟರಲ್ಲಿ ವರ್ಣವು ಅಡ್ಡಬರುತ್ತದೆ: ಹಾಸ್ಯದ್ದು ಬಿಳಿ, ಭಯಾನಕದ್ದು ಕಪ್ಪು.

ಇದಕ್ಕೆ ಸಿದ್ಧಾಂತಿಯ ಉತ್ತರವೇನೆಂದರೆ, ಆಕ್ಷೇಪಕನು ಅದೇ ಪ್ರಕರಣವನ್ನು ಕೊನೆಯವರೆಗೆ ಓದಿಲ್ಲ. ಹಾಸ್ಯಕ್ಕೆ ಅಧಿದೇವತೆಗಳು ಪ್ರಮಥರೆಂದು ಭರತನೇ ವಿಧಿಸಿದ್ದಾನೆ. ಪ್ರಮಥರೆಂದರೆ ಶಿವನ ಹಿಂದುಮುಂದೆ ಕುಣಿಯುವ ಭೂತಗಣ. ನಗೆಯ ಒಡೆತನವನ್ನು ಆದಿಯಲ್ಲಿಯೇ ಭೂತಗಳಿಗೆ ಬರೆದುಕೊಟ್ಟಿರುವಾಗ, ನಗಿಸುವವನು ಹೆದರಿಸಲು ಹೊರಟರೆ ಅದು ಅತಿಕ್ರಮಣವಲ್ಲ, ಪಿತ್ರಾರ್ಜಿತದ ಸ್ವಾಧೀನ. ಚಂದ್ರಚೂಡೇಶ್ವರನ ಬೆಟ್ಟದ ಬುಡದಲ್ಲಿ ಸಂಸಾರ ಹೂಡಿರುವ ಹೊಸೂರಿನವರಿಗೆ ಈ ಪ್ರಮಥರು ನೆರೆಹೊರೆಯವರೇ ಆದುದರಿಂದ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಪ್ರತ್ಯಕ್ಷಪ್ರಮಾಣ. ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದಿಂದ ತಮ್ಮ ಹೆಸರಿನ ಪೂರ್ವಾರ್ಧವನ್ನು ಪಡೆದ ರಂಗಾಯಣ ರಘು ಅವರು, ಬಹುಕಾಲ ಏರುದನಿಯ ಹಾಸ್ಯದಿಂದಲೇ ಜನರ ಹೊಟ್ಟೆ ಹುಣ್ಣಾಗಿಸಿ, 2024ರಲ್ಲಿ ಸಂದೀಪ್ ಸುಂಕದ್ ನಿರ್ದೇಶಿಸಿದ ‘ಶಾಖಾಹಾರಿ’ಯಲ್ಲಿ ಮಲೆನಾಡಿನ ಸಸ್ಯಾಹಾರಿ ಹೋಟೆಲೊಂದರ ಸುಬ್ಬಣ್ಣನಾದರು. ಪೊಲೀಸರಿಂದ ತಪ್ಪಿಸಿಕೊಂಡವನೊಬ್ಬನು ಆ ಹೋಟೆಲಿಗೆ ಬಂದು ಸೇರಿದ ಮೇಲೆ ನಡೆಯುವುದನ್ನು ಇಲ್ಲಿ ಹೇಳುವುದು ಅಧರ್ಮ. ಆದರೆ ಧೂಮವಿರುವೆಡೆ ಅಗ್ನಿಯುಂಟೆಂಬುದಕ್ಕೆ ನಮ್ಮ ತಾರ್ಕಿಕರು ಶತಮಾನಗಳಿಂದ ಅಡಿಗೆಮನೆಯನ್ನೇ ದೃಷ್ಟಾಂತವಾಗಿ ಕೊಡುತ್ತ ಬಂದಿರುವುದು ಎಂತಹ ದೂರದೃಷ್ಟಿಯೆಂಬುದು ಈ ಚಿತ್ರವನ್ನು ನೋಡಿದವರಿಗೆ ಮಾತ್ರ ತಿಳಿದೀತು. ಅಲ್ಲಿ ರಘು ಅವರು ದನಿಯನ್ನು ಹೊಸದಾಗಿ ಸಂಪಾದಿಸಲಿಲ್ಲ, ಇದ್ದುದನ್ನು ಇಳಿಸಿದರು, ಅಷ್ಟೆ. ನಗೆಮಾತಿಗೆ ಮುನ್ನ ಹಾಸ್ಯನಟನು ಹಿಡಿದು ನಿಲ್ಲಿಸುವ ಅರೆಕ್ಷಣದ ಮೌನವುಂಟಲ್ಲ, ಅದರ ಕೊನೆಗೆ ನಗೆಮಾತು ಬಾರದೆ ಹೋದರೆ ಉಳಿಯುವುದೇ ಭಯ. ಇದಿಷ್ಟನ್ನು ಮಾತ್ರ ನಾವು ಪರಿಹಾಸ್ಯವಿಲ್ಲದೆ ಹೇಳುತ್ತಿದ್ದೇವೆ.

ಹೋಟೆಲು ಈ ರೂಪಾಂತರಕ್ಕೆ ಅವಶ್ಯಕಾರಣವೋ ಎಂಬ ಶಂಕೆಗೂ ಆಸ್ಪದವುಂಟು. 1933ರಲ್ಲಿ ಧಾರಾಪುರದ ಕನ್ನಡ ಮಾತಿನ ಮನೆಯೊಂದರಲ್ಲಿ ಹುಟ್ಟಿ ತಮಿಳರನ್ನು ನಗಿಸಿದ ನಾಗೇಶರು, 1964ರ ‘ಸರ್ವರ್ ಸುಂದರಂ’ನಲ್ಲಿ ಹೋಟೆಲ್ ಮಾಣಿಯಾಗಿದ್ದು, ರಂಗಾಯಣವು ಹುಟ್ಟಿದ ಆ 1989ರಲ್ಲಿಯೇ ‘ಅಪೂರ್ವ ಸಹೋದರರ್ಗಳ್’ ಚಿತ್ರದ ಕೊಲೆಗಡುಕನಾದರು. ಪಾತ್ರದ ಹೆಸರು ಧರ್ಮರಾಜ! ಊರೂರಲ್ಲಿ ಧರ್ಮರಾಜನಿಗೆ ಗುಡಿ ಕಟ್ಟಿ ಭಾರತದ ಕೂತ್ತು ಆಡಿಸುವ ಕೃಷ್ಣಗಿರಿಯ ಕಡೆಯವರಿಗೆ ಈ ನಾಮಕರಣವು ಎಷ್ಟು ಸಂಕಟ ತಂದಿತೋ! ಅದೇ ಕೂತ್ತಿನ ಕಟ್ಟಿಯಕಾರನಾದರೋ ವಿದೂಷಕನೂ ಅವನೇ, ಸಾರುವವನೂ ಅವನೇ, ದೊರೆಯ ಕಾವಲಾಳೂ ಅವನೇ. ಒಂದೇ ಮುಖಕ್ಕೆ ಒಂದೇ ರಸವೆಂಬ ಕಟ್ಟಳೆ ಅವನಿಗೆ ಎಂದೂ ಇದ್ದುದಿಲ್ಲ.

ಹೀಗಾಗಿ ದೋಷವು ನಟನಲ್ಲಿಲ್ಲ, ಪ್ರೇಕ್ಷಕನಲ್ಲಿದೆಯೆಂದು ನಮ್ಮ ತೀರ್ಪು. ಹಾಸ್ಯನಟನು ತೆರೆಯ ಮೇಲೆ ಕತ್ತಿ ಹಿರಿದರೂ ಹಳೆಯ ಬಾಕಿ ವಸೂಲಿಗೆ ಬಂದವನಂತೆ ನಗುವ ಪ್ರೇಕ್ಷಕನು, ಭರತನು ಅಧಮರಿಗೆಂದು ತೆಗೆದಿರಿಸಿದ ಅಪಹಸಿತ, ಅತಿಹಸಿತಗಳೆರಡನ್ನೂ ಒಂದೇ ಆಟದಲ್ಲಿ ವ್ಯಯಮಾಡುತ್ತಾನೆ. ಆದಕಾರಣ ಮುಂದೆ ಇಂತಹ ಚಿತ್ರವು ನಮ್ಮ ಪ್ರಾಂತಕ್ಕೆ ಬಂದಾಗ ಮೊದಲ ಹೆಣ ಬೀಳುವವರೆಗಾದರೂ ನಗೆಯನ್ನು ತಡೆದುಕೊಳ್ಳಬೇಕಾಗಿ ಓದುಗರಲ್ಲಿ ಪ್ರಾರ್ಥನೆ. ಅದೂ ಸಾಧ್ಯವಾಗದಿದ್ದಲ್ಲಿ, ಹಲ್ಲು ಕಾಣದ ಸ್ಮಿತಕ್ಕೆ ಶಾಸ್ತ್ರದಲ್ಲಿ ಅವಕಾಶವುಂಟು.