ಅಜ್ಜಿ ಮತ್ತು ಅಂತರ್‌ಶಿಸ್ತು

ಅಮೆರಿಕದಲ್ಲಿ ಲ್ಯಾಟಿನ್ ಮೂಲದ ಜನರನ್ನು ಓದುವುದಕ್ಕೆಂದೇ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ಗಂಡು–ಹೆಣ್ಣೆಂಬ ಭೇದ ಬೇಡವೆಂದು ಅಲ್ಲಿಯ ಪಂಡಿತರು ಆ ಜನರನ್ನು ಈಗ ‘ಲ್ಯಾಟಿನೆಕ್ಸ್’ ಎನ್ನುತ್ತಾರೆ. ಪ್ಯೂ ಸಂಶೋಧನಾ ಕೇಂದ್ರದ 2020ರ ವರದಿಯ ಪ್ರಕಾರ ತಮ್ಮನ್ನು ಹಾಗೆ ಕರೆದುಕೊಳ್ಳುವವರು ನೂರಕ್ಕೆ 3 ಮಂದಿ. ನಾಮಕರಣಕ್ಕೆ ಕೂಸನ್ನೇ ಕರೆಯದಿದ್ದರೆ ಇನ್ನೇನಾಗುತ್ತದೆ?

ನಮ್ಮ ಕಡೆಯ ಕುಬಟೂರೆಂಬ ಊರಿಗೆ ಹೀಗೆ ಹೊರಗಿನವರು ಹೆಸರಿಡುವುದು ಹೊಸತಲ್ಲ. ದೀವರೆಂಬ ನಮ್ಮ ಸಮುದಾಯದವರು ಹಳೆಯ ಗೆಜೆಟಿಯರಿನಲ್ಲಿ ಹಳೇಪೈಕರು, ಘಟ್ಟ ಇಳಿದರೆ ನಾಮಧಾರಿಗಳು, ಚುನಾವಣೆ ಬಂದರೆ ಈಡಿಗರು. ಮನೆಯೊಳಗೆ ಮಾತ್ರ ದೀವರು. ಈ ಊರಲ್ಲಿ ಹುಟ್ಟಿದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗಲೇ, 1991ರಲ್ಲಿ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿಂದೀಚೆಗೆ ನಾಡಿನ ಯಾವ ಸಮುದಾಯಕ್ಕೂ ಸುಮ್ಮನೆ ಬದುಕುವ ಸ್ವಾತಂತ್ರ್ಯ ಉಳಿದಿಲ್ಲ, ಪ್ರಬಂಧವಾಗಲೇಬೇಕು.

ಮೊನ್ನೆ ನನ್ನ ಕಲ್ಪನೆಯ ಕುಬಟೂರಿಗೂ ಒಬ್ಬ ಸಂಶೋಧಕ ಬಂದ. ಅಜ್ಜಿಯೊಬ್ಬಳು ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುತ್ತಿದ್ದಳು. ಅಕ್ಕಿ ಅರೆದು ಬಿಳಿ, ಹುರಿದ ಅಕ್ಕಿಯಿಂದ ಕಪ್ಪು, ಗುರಗೆಯಿಂದ ಹಳದಿ, ಪುಂಡಿನಾರೇ ಕುಂಚ. ಅಳತೆಗೋಲಿಲ್ಲದೆ ಎಳೆಗೆ ಎಳೆ ಸಮ. ಗಿಡದ ವಿದ್ಯೆ, ಮಣ್ಣಿನ ವಿದ್ಯೆ, ಗಣಿತ, ಜತೆಗೊಂದು ಹಾಡು, ಎಲ್ಲ ಒಬ್ಬಳ ಕೈಯಲ್ಲೇ. ಇದಕ್ಕೆ ಹಂಪಿಯಲ್ಲೋ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲೋ ಆರು ಪ್ರೊಫೆಸರರು, ಆರು ಕುರ್ಚಿ, ಆರು ತಿಂಗಳ ಪತ್ರವ್ಯವಹಾರ ಬೇಕು. ಅದಕ್ಕೆ ಅಂತರ್‌ಶಿಸ್ತೀಯ ಅಧ್ಯಯನವೆಂದು ಹೆಸರು. (ಆ ಆರು ಮಂದಿ ಒಬ್ಬರಿಗೊಬ್ಬರು ಮಾತು ಬಿಟ್ಟಿರುತ್ತಾರೆ, ಅದು ಬೇರೆ.)

‘ನಿಮ್ಮ ಅಸ್ಮಿತೆಯನ್ನು ಹೇಗೆ ಗುರುತಿಸಿಕೊಳ್ತೀರಿ ಅಜ್ಜಿ?’ ಎಂದ.

‘ಎಂತದು ತಮ್ಮಾ?’

‘ಅಂದ್ರೆ, ನೀವು ಯಾರು?’

‘ಈ ಮನೆಯವಳು.’

ಅವನ ಪ್ರಶ್ನಾವಳಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ; ‘ಇತರೆ’ಗೆ ಗುರುತು ಹಾಕಿದ. ಕಾಗೋಡು ಸತ್ಯಾಗ್ರಹದ ಬಗ್ಗೆ ಕೇಳಿದ. 1951ರಲ್ಲಿ ಸಾಗರದ ಕಡೆ ಗೇಣಿದಾರ ದೀವರು ಒಡೆಯರ ಕೊಳಗದ ಅಳತೆಯನ್ನೇ ಪ್ರಶ್ನಿಸಿದ ಕತೆಯನ್ನು ಅಜ್ಜಿ ಹೇಳಿದಳು. ಆಗ ಅಳೆಯುವವರು ಭತ್ತ ಒಯ್ಯುತ್ತಿದ್ದರು. ಇವನು ಫೋಟೊ ತೆಗೆದುಕೊಂಡ.

ಚಿತ್ತಾರಕ್ಕೆ ಕೊನೆಯ ಎಳೆ ಎಳೆದು ಅಜ್ಜಿ ತಿರುಗಿದಳು.

‘ಅದಿರಲಿ ತಮ್ಮಾ, ನೀನು ಯಾರ ಪೈಕಿ?’

‘ಸಮುದಾಯ ಅಧ್ಯಯನ ವಿಭಾಗ, ಅಜ್ಜಿ.’

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು.

‘ಅವರಲ್ಲಿ ನಾವು ಹೆಣ್ಣು ತರ್ತೀವೋ?’